ಕಾಳಿ ನಾಲ್ಕಕ್ಕೂ ಬಿಳಿ ಆರಕ್ಕೂ ನಡುವೆ ಸಿಕ್ಕಿದ ಹಾಡು

ಶ್ರಾವಣದ ಭಜನೆಗೆ ತಂದಿಟ್ಟ ಹಾರ್ಮೋನಿಯಂ ಕಲಬುರಗಿಯ ನಮ್ಮ ಮನೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಸುಮ್ನೆ ಹಳೆಯ ಸಿಡಿಯಲ್ಲಿ ಅಮೆರಿಕದ ರಾಕ್ ತಂಡ ದಿ ಡೋರ್ಸ್‌ನ ‘ಲೈಟ್ ಮೈ ಫೈರ್’ ಹಾಕಿ ಜೊತೆಗೆ ನುಡಿಸಲು ಕೂತೆ. ಕಾಳಿ ನಾಲ್ಕು, ಅಂದರೆ ನಾಲ್ಕನೇ ಕಪ್ಪು ಮನೆ (ಕೀ), ಒತ್ತಿದರೆ ಹಾಡು ಅದಕ್ಕಿಂತ ಸ್ವಲ್ಪ ಮೇಲೆ, ಅದರ ಪಕ್ಕದ ಬಿಳಿ ಆರು ಒತ್ತಿದರೆ ಸ್ವಲ್ಪ ಕೆಳಗೆ. ಭಜನೆಯ ಕಾಕಾ ಬಾಗಿಲಲ್ಲೇ ನಿಂತು, ‘ಸೂರ್ ಹತ್ತವಲ್ದು’ ಅಂದರು. ಪೆಟ್ಟಿಗೆ ಹಳೆಯದಾಯಿತು ಅಂದುಕೊಂಡೆವು.

ಪೆಟ್ಟಿಗೆ ಸರಿಯಾಗಿಯೇ ಇತ್ತು. ಈ ಹಾಡಿರುವ 1967ರ ಆಲ್ಬಂನ ಸ್ಟೀರಿಯೊ ರೆಕಾರ್ಡಿನಲ್ಲೇ ಅದು ಸುಮಾರು ಶೇ 3.5ರಷ್ಟು ನಿಧಾನ. ಟೇಪ್ ನಿಧಾನವಾದರೆ ಲಯ ಮಾತ್ರ ಕುಂಟುವುದಿಲ್ಲ, ಸ್ವರವೂ ಇಳಿಯುತ್ತದೆ. ಟೇಪಿನ ಮೇಲಿನ ಅಲೆಗಳು ಅಷ್ಟೇ, ಆದರೆ ಒಂದು ಸೆಕೆಂಡಿನಲ್ಲಿ ಟೇಪ್ ಓದುವ ಹೆಡ್ ದಾಟುವ ಅಲೆಗಳು ಕಡಿಮೆ ಆಗುತ್ತವೆ, ಕಿವಿಗೆ ಅದೇ ಇಳಿದ ಸ್ವರ. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಸುಮಾರು ಶೇ 6ರ ಅಂತರ. ಹಾಗಾಗಿ ಶೇ 3.5 ಅಂದರೆ ಎರಡರ ನಡುವಿನ ಸಂದಿ!

ಈ ಹಾಡನ್ನೇ ಬೇರೆಯಾಗಿ ಹೊರತಂದ ಚಿಕ್ಕ ರೆಕಾರ್ಡ್, ಅಂದರೆ ಸಿಂಗಲ್, ಮಾತ್ರ ಸರಿಯಾದ ವೇಗದಲ್ಲಿ ಬಂದಿತ್ತು. ಆದರೆ ಅದು ಮೂರು ನಿಮಿಷಕ್ಕೂ ಕಡಿಮೆ, ಆಲ್ಬಂನಲ್ಲಿ ಏಳು ನಿಮಿಷದ ಹಾಡು. ಆರ್ಗನ್, ಗಿಟಾರಿನ ಉದ್ದದ ನುಡಿಸಾಣಿಕೆಗೇ ಕತ್ತರಿ ಬಿತ್ತು. ರೇಡಿಯೊದವರಿಗೆ ಚಿಕ್ಕ ಹಾಡು ಬೇಕಿತ್ತು, ಅದು ನಿಜ. ಏಳು ಇಂಚಿನ, ನಿಮಿಷಕ್ಕೆ 45 ಸುತ್ತಿನ ರೆಕಾರ್ಡಿಗೂ ಅದರದ್ದೇ ಮಿತಿ ಇದೆ. ಸದ್ದು ಜೋರಾದಷ್ಟೂ ರೆಕಾರ್ಡಿನ ಮೇಲಿನ ಗೀರು ಅಗಲವಾಗಿ ತೂಗಾಡುತ್ತದೆ, ಬಾಸ್ (ತಗ್ಗಿನ ಸ್ವರ) ಇದ್ದರೆ ಇನ್ನೂ ಜಾಸ್ತಿ. ಹೆಚ್ಚು ನಿಮಿಷ ತುಂಬಬೇಕೆಂದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಅವು ಒಂದಕ್ಕೊಂದು ತಾಗದಿರಲು ಸದ್ದನ್ನೇ ಇಳಿಸಬೇಕು.

ಅಂದರೆ ಉದ್ದದ ಹಾಡು ಬೇಕಿದ್ದವರಿಗೆ ಇಳಿದ ಸ್ವರ, ಸರಿಯಾದ ಸ್ವರ ಬೇಕಿದ್ದವರಿಗೆ ತುಂಡು ಹಾಡು. ಸುಮಾರು 40 ವರ್ಷ ಹೀಗೇ ನಡೆಯಿತು. ಹಾಡಿನ ನೇರ ಕಾರ್ಯಕ್ರಮಗಳನ್ನೂ ಅಚ್ಚಾದ ಸ್ವರಲಿಪಿಯನ್ನೂ ಹೋಲಿಸಿ ನೋಡಿದ ಅಮೆರಿಕದ ಪ್ರಾಧ್ಯಾಪಕರೊಬ್ಬರು ಈ ತಪ್ಪನ್ನು ಎತ್ತಿ ತೋರಿಸಿದರು. 2006ರ ಮರುಬಿಡುಗಡೆಯಲ್ಲಿ ವೇಗ ತಿದ್ದಲಾಯಿತು. ಅದಕ್ಕೇ ಮರುಬಿಡುಗಡೆ ಅಂದರೆ ಹಳೆಯ ಸರಕಿಗೆ ಹೊಸ ಹೊದಿಕೆ ಅಂತ ನನಗೆ ಈಗ ಅನ್ನಿಸುವುದಿಲ್ಲ. ಯಾವ ಟೇಪಿನಿಂದ, ಯಾವ ವೇಗದಲ್ಲಿ ತೆಗೆದರು ಅಂತ ಹೊದಿಕೆಯ ಮೇಲೆ ಬರೆಯಲೇಬೇಕು. ಈ ಹಳೆಯ ಆಲ್ಬಂ ಟೇಪನ್ನೇ ಮೂರು ನಿಮಿಷಕ್ಕೆ ಕತ್ತರಿಸಿ ‘ಸಿಂಗಲ್’ ಅಂತ ಕೊಟ್ಟರೆ ಉದ್ದ ಸರಿ ಹೋಗುತ್ತದೆ, ಸ್ವರ ಸರಿ ಹೋಗುವುದಿಲ್ಲ, ಅಲ್ವಾ?

ನಿಮ್ಮ ಹತ್ತಿರ ಇರುವುದು ಯಾವುದು ಅಂತ ತಿಳಿಯಲು ಹಾರ್ಮೋನಿಯಂ ಸಾಕು. ಏಳು ನಿಮಿಷದ ಹಾಡು ಬಿಳಿ ಆರಕ್ಕೆ ಕೂತರೆ ತಿದ್ದಿದ್ದು. ಕಾಕಾ ಎದುರಿಗೇ ತಿದ್ದಿದ್ದನ್ನು ಫೋನಿನಲ್ಲಿ ಹಾಕಿದೆ. ಅವರು ಬಿಳಿ ಆರರ ಮೇಲೆ ಬೆರಳಿಟ್ಟು, ಹಾಡು ಮುಗಿಯುವವರೆಗೂ ತೆಗೆಯಲಿಲ್ಲ.