ಮಗಳಿಗೆ ಈಗಲೇ ಪಿಯಾನೊ ಕೊಡಿಸಬೇಕಾ?

ಪ್ರಶ್ನೆ: ಮಗಳಿಗೆ 9 ವರ್ಷ. ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದೆ, ಚೆನ್ನಾಗಿ ನುಡಿಸುತ್ತಾಳೆ. ಈಗ ಟೀಚರ್ ‘ಇದು ಸಾಲದು, ಪಿಯಾನೊ ಕೊಡಿಸಿ’ ಎನ್ನುತ್ತಿದ್ದಾರೆ. ಅಷ್ಟೊಂದು ಖರ್ಚು ಮಾಡಲೇಬೇಕಾ?

ಉತ್ತರ: ಟೀಚರ್ ಹೇಳಿದ್ದು ಸರಿ. ಆದರೆ ಅದಕ್ಕಾಗಿ ಲಕ್ಷಗಟ್ಟಲೆ ಸಾಲ ಬೇಕಿಲ್ಲ.

ಪಿಯಾನೊದಲ್ಲಿ 88 ಕೀ ಇರುತ್ತವೆ. ಶುರುವಿನ ಪಾಠಗಳಿಗೆ 61 ಇದ್ದರೂ ಹೇಗೋ ನಡೆಯುತ್ತದೆ. ನಿಜವಾಗಿ ಕಾಡುವುದು ಕೀಗಳ ಭಾರ. ಪಿಯಾನೊದ ಕೀ ಒತ್ತಿದರೆ ಒಳಗೆ ಫೆಲ್ಟ್ ಹೊದಿಸಿದ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಆ ಭಾರ ಬೆರಳಿಗೆ ತಿಳಿಯುತ್ತದೆ. ಎಡಗಡೆಯ ಮಂದ್ರದ ಕೀಗಳು ತುಸು ಭಾರ, ಬಲಗಡೆಯವು ಹಗುರ. ಮಾಮೂಲಿ ಕೀಬೋರ್ಡ್‌ನಲ್ಲಿ ಈ ಯಾವುದೂ ಇಲ್ಲ. ಅದರಲ್ಲೇ ಪಳಗಿದ ಮಗು ಪರೀಕ್ಷೆಯ ದಿನ ಪಿಯಾನೊ ಮುಂದೆ ಕೂತರೆ, ಮೆಲ್ಲಗೆ ನುಡಿಸುವ ಕಡೆ ಕೆಲವು ಸ್ವರ ಹೊರಡುವುದೇ ಇಲ್ಲ. ಲಂಡನ್ನಿನ ಟ್ರಿನಿಟಿ ಕಾಲೇಜು ಪಿಯಾನೊ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್‌ಗೆ ಬೇರೆ ಬೇರೆ ಗ್ರೇಡ್ ಪರೀಕ್ಷೆ ಇಟ್ಟಿರುವುದು ಸುಮ್ನೆ ಅಲ್ಲ.

ಹಾಗಾಗಿ ಈಗ 88 ಕೀಗಳ, ಹ್ಯಾಮರ್ ಆಕ್ಷನ್ (ಅಂದರೆ ಪಿಯಾನೊದ ಸುತ್ತಿಗೆಯಂತೆ ಬೆರಳಿಗೆ ಭಾರ ತಿಳಿಯುವ ಕೀಗಳು) ಇರುವ ಡಿಜಿಟಲ್ ಪಿಯಾನೊ ಸಾಕು. ಅಂಗಡಿಯವರು ‘ಟಚ್ ಸೆನ್ಸಿಟಿವ್ ಇದೆ ಸರ್’ ಎಂದರೆ ತಲೆಯಾಡಿಸಬೇಡಿ. ಜೋರಾಗಿ ಒತ್ತಿದರೆ ಜೋರು ಸದ್ದು ಬರುತ್ತದೆ ಎಂದಷ್ಟೇ ಅದರ ಅರ್ಥ. ಯಮಹಾ, ಕ್ಯಾಸಿಯೊ, ರೋಲ್ಯಾಂಡ್ ಕಂಪನಿಗಳ ಶುರುವಿನ ಮಾದರಿಗಳಿಗೆ ಸುಮಾರು 40ರಿಂದ 60 ಸಾವಿರ ಇಟ್ಟುಕೊಳ್ಳಿ. ನೂರಾರು ಬಗೆಯ ಸದ್ದು, ತಬಲಾ ತಾಳ ಕೇಳಿ ಮರುಳಾಗಬೇಡಿ. ಆ ದುಡ್ಡಿಗೆ ಅಲುಗಾಡದ ಸ್ಟ್ಯಾಂಡ್, ಒಳ್ಳೆಯ ಪೆಡಲ್ ತನ್ನಿ. ಜೊತೆಗೆ ಕೊಡುವ ಪುಟ್ಟ ಪ್ಲಾಸ್ಟಿಕ್ ಪೆಡಲ್ ಟೈಲ್ಸ್ ಮೇಲೆ ಜಾರಿ ಜಾರಿ ಮಗುವಿನ ತಾಳ್ಮೆ ಕೆಡಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರೂ ನೆಮ್ಮದಿಯಾಗಿರುತ್ತಾರೆ!

ಸೆಕೆಂಡ್ ಹ್ಯಾಂಡ್ ಮರದ ಪಿಯಾನೊ ಅಗ್ಗಕ್ಕೆ ಇದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ವಲ್ಪ ತಡೆಯಿರಿ. ಅದರಲ್ಲಿ 200ಕ್ಕೂ ಜಾಸ್ತಿ ತಂತಿಗಳಿವೆ. ಅವುಗಳ ಒಟ್ಟು ಎಳೆತ 15 ಟನ್ ದಾಟುತ್ತದೆ. ತಂತಿ ಸುತ್ತಿದ ಪಿನ್ನುಗಳು ಗಟ್ಟಿಮರದ ಹಲಗೆಯಲ್ಲಿ ಬಿಗಿಯಾಗಿ ಕೂತಿರಬೇಕು. ಹಲಗೆ ಸೀಳಿದರೆ ಎಷ್ಟು ಸಲ ಶ್ರುತಿ ಮಾಡಿಸಿದರೂ ನಿಲ್ಲುವುದಿಲ್ಲ. ಕರಾವಳಿಯ ಮಳೆಗಾಲದಲ್ಲಂತೂ ಮರ ಉಬ್ಬಿ ಕೀಗಳು ಅಂಟಿಕೊಳ್ಳುತ್ತವೆ. ಪಿಯಾನೊ ಚೆನ್ನಾಗಿದ್ದರೂ ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು. 200 ಕೆಜಿ ತೂಕವನ್ನು ಮೂರನೇ ಮಹಡಿಗೆ ಹತ್ತಿಸುವ ಕೂಲಿಯೂ ನಿಮ್ಮದೇ. ಇಷ್ಟಾದರೂ ಬೇಕೆನಿಸಿದರೆ ಟ್ಯೂನರ್‌ಗೆ ದುಡ್ಡು ಕೊಟ್ಟು ಮೊದಲು ತೋರಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ಮೇಲಿನ ಗ್ರೇಡ್‌ಗಳಿಗೆ ಹೋದಾಗ ಡಿಜಿಟಲ್ ಸಾಲದೆ ಬರಬಹುದು. ಆಗ ಮತ್ತೆ ಯೋಚಿಸೋಣ. ಅಲ್ಲಿಯವರೆಗೆ ಟೀಚರ್ ಮನೆಯಲ್ಲೋ ಶಾಲೆಯಲ್ಲೋ ಚರ್ಚಿನಲ್ಲೋ ಇರುವ ಪಿಯಾನೊ ಮೇಲೆ ವಾರಕ್ಕೊಂದು ಗಂಟೆ ನುಡಿಸಲು ಬಿಡುತ್ತಾರಾ, ಕೇಳಿ ನೋಡಿ. ಹಳೆ ಕೀಬೋರ್ಡನ್ನು ಮಾತ್ರ ಮಾರಿಬಿಡಿ. ಮನೆಯಲ್ಲಿದ್ದರೆ ಮಕ್ಕಳ ಕೈ ಹಗುರವಾದದ್ದರ ಕಡೆಗೇ ಹೋಗುತ್ತದೆ.