ಉಗಿಬಂಡಿ ಹೋದ ಮೇಲೂ ಅದರ ಕೆರೆ, ಕಾಡು ಯಾಕೆ ಬೇಕು?

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಉಗಿ ಇಂಜಿನ್‌ಗಳಿಗೆ ನೀರು ಕೊಡುತ್ತಿದ್ದ ಹಳೆ ಪಂಪ್‌ಹೌಸ್, ಕೆರೆಗಳನ್ನು ಸುತ್ತಲಿನ ಕಾಡಿನ ಸಮೇತ ಕಾಪಾಡುತ್ತಾರಂತೆ. ಹಳೆ ಕಟ್ಟಡ ಉಳಿಸಲಿ, ಸರಿ. ಕಾಡು ಯಾಕೆ?

ಉತ್ತರ: ಕಾಡಿಲ್ಲದಿದ್ದರೆ ಆ ಪಂಪ್‌ಹೌಸ್ ಅಲ್ಲಿ ಯಾಕಿದೆ ಅನ್ನುವುದೇ ಗೊತ್ತಾಗುವುದಿಲ್ಲ, ಅದಕ್ಕೆ. ಒಂದು ನಿಜವಾದ ಜಾಗವನ್ನೇ ಹಿಡಿದು ಹೇಳುತ್ತೇನೆ.

ಸಿಡ್ನಿಯ ನೈಋತ್ಯಕ್ಕೆ, ಪಿಕ್ಟನ್ ಊರಿನ ಆಚೆ ಥರ್ಲ್‌ಮಿಯರ್ ಕೆರೆಗಳಿವೆ. ಒಟ್ಟು ಐದು. ಯಾವುದೋ ಕಾಲದ ನದಿಯೊಂದು ಬಿಟ್ಟುಹೋದ ಕಣಿವೆಯ ತಿರುವಿನಲ್ಲಿ ಸಾಲಾಗಿ ಕೂತಿವೆ. ಒಂದು ಕೆರೆಗೆ ಆ ನೆಲದ ಮೂಲನಿವಾಸಿಗಳಾದ ಗಂಡಂಗಾರ ಜನರದೇ ಹೆಸರು. ಇನ್ನೊಂದು ಕೊರಿಜಾ. ರೈಲಿನ ಕಥೆ ಈ ಕೊರಿಜಾದ್ದು.

1867ರಲ್ಲಿ ಪಿಕ್ಟನ್‌ನಿಂದ ಮಿಟ್ಟಗಾಂಗ್‌ಗೆ ರೈಲು ಹಾದಿ ತೆರೆಯಿತು. ಹಾದಿಯುದ್ದಕ್ಕೂ ಏರು. ಏರಿನಲ್ಲಿ ಉಗಿ ಇಂಜಿನ್ ನೀರು ಕುಡಿಯುವುದು ಜಾಸ್ತಿ. ಕಲ್ಲಿದ್ದಲು ಇನ್ನೂ ಇರುತ್ತದೆ, ನೀರು ಮೊದಲೇ ಮುಗಿದಿರುತ್ತದೆ. ಹಾಗಾಗಿ ಕೊರಿಜಾ ಕೆರೆಯ ದಡದಲ್ಲಿ ಉಗಿಯಿಂದಲೇ ನಡೆಯುವ ಪಂಪ್ ಕೂರಿಸಿ, ರೈಲು ಹಾದಿಯ ಪಕ್ಕದ ಟ್ಯಾಂಕಿಗೆ ನೀರು ಎತ್ತಿದರು. ನೀರು ಎಷ್ಟು ಬೇಕಾಗುತ್ತಿತ್ತು ಅಂದರೆ, ಮುಂದೆ 1940ರ ದಶಕದಲ್ಲಿ ಬಂದ 38ನೇ ವರ್ಗದ ದೊಡ್ಡ ಇಂಜಿನ್ನಿನ ಟೆಂಡರ್‌ಗೆ, ಅಂದರೆ ಹಿಂದೆ ನೀರು, ಕಲ್ಲಿದ್ದಲು ಹೊರುವ ಬಂಡಿಗೆ, ಹಿಡಿಸುತ್ತಿದ್ದದ್ದು 36,000 ಲೀಟರ್‌ಗೂ ಹೆಚ್ಚು. ನಮ್ಮ ಬೀದಿಗೆ ಬರುವ ಟ್ಯಾಂಕರ್ ಲೆಕ್ಕದಲ್ಲಿ ನೀವೇ ಅಂದಾಜು ಮಾಡಿಕೊಳ್ಳಿ.

ಹಾಗಂತ ಬಾಯ್ಲರ್‌ಗೆ ಸಿಕ್ಕಿದ ನೀರನ್ನೆಲ್ಲ ಸುರಿಯುವಂತಿಲ್ಲ. ಗಡಸು ನೀರಾದರೆ ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟುತ್ತದೆ. ಶಾಖ ದಾಟುವುದಿಲ್ಲ, ಇದ್ದಲು ದಂಡ, ಕೊನೆಗೆ ಕೊಳವೆ ಸುಟ್ಟುಹೋಗುತ್ತದೆ. ಕೆಸರು ನೀರಾದರೆ ಬಾಯ್ಲರ್ ಒಳಗೆ ನೊರೆ ಎದ್ದು, ಉಗಿಯ ಜೊತೆ ನೀರೂ ಸಿಲಿಂಡರ್‌ಗೆ ನುಗ್ಗುತ್ತದೆ. ಅದಕ್ಕೇ ರೈಲ್ವೆಯವರಿಗೆ ಮೆದುವಾದ, ತಿಳಿಯಾದ ನೀರು ಬೇಕಿತ್ತು. ಥರ್ಲ್‌ಮಿಯರ್ ಸುತ್ತ ಇರುವುದು ಮರಳುಗಲ್ಲು, ಅದರ ಮೇಲೆ ನೀಲಗಿರಿ ಜಾತಿಯ ಕಾಡು. ಮರಳುಗಲ್ಲು ನೀರಿಗೆ ಸುಣ್ಣ ಸೇರಿಸುವುದು ಕಡಿಮೆ. ಕಾಡು ಮಣ್ಣನ್ನು ಹಿಡಿದಿಡುತ್ತದೆ. ಈಗ ಹೇಳಿ, ಪಂಪು ಯಂತ್ರದ ಭಾಗವಾದರೆ ಕಾಡೂ ಯಂತ್ರದ ಭಾಗವೇ ಅಲ್ವಾ?

ಈ ಮಾತನ್ನು ಆಸ್ಟ್ರೇಲಿಯಾದವರು ಬರಹದಲ್ಲೇ ಇಟ್ಟುಕೊಂಡಿದ್ದಾರೆ. ಪಾರಂಪರಿಕ ಜಾಗಗಳ ಸಂರಕ್ಷಣೆಗೆ ಅಲ್ಲಿ 1979ರಲ್ಲಿ ರೂಪಿಸಿದ ಬರ್ರಾ ಚಾರ್ಟರ್ ಎಂಬ ನಿಯಮಾವಳಿ ಇದೆ. ಕಟ್ಟಡದ ಜೊತೆ ಅದರ ಸುತ್ತಲಿನ ಪರಿಸರವನ್ನೂ ನೋಡಿಕೊಳ್ಳಬೇಕು, ಬೇಕಾದಷ್ಟೇ ಕೈ ಹಾಕಬೇಕು, ಸುಮ್ನೆ ಹೊಸದಾಗಿಸಲು ಹೋಗಬಾರದು ಅನ್ನುವುದು ಅದರ ತಿರುಳು.

ಥರ್ಲ್‌ಮಿಯರ್‌ನ ಅದೃಷ್ಟಕ್ಕೆ ಕಾನೂನಿನ ರಕ್ಷಣೆಯೂ ಸಿಕ್ಕಿತು. 1919ರಲ್ಲಿ ಮುಖ್ಯ ರೈಲು ಹಾದಿ ಬೇರೆ ಕಡೆಯಿಂದ ಹೋಯಿತು, ಹಳೆಯದು ಒಳಹಾದಿಯಾಗಿ ಉಳಿಯಿತು. 1972ರಲ್ಲಿ ಕೆರೆಗಳು ರಾಷ್ಟ್ರೀಯ ಉದ್ಯಾನವಾದವು. 2000ದಲ್ಲಿ ಗ್ರೇಟರ್ ಬ್ಲೂ ಮೌಂಟನ್ಸ್ ವಿಶ್ವ ಪರಂಪರೆ ತಾಣದ ಭಾಗವಾದವು. ಇಷ್ಟಾದರೂ ತೊಂದರೆ ತಪ್ಪಲಿಲ್ಲ. 2010ರ ದಶಕದಲ್ಲಿ ಕೆರೆಗಳು ಒಂದೊಂದಾಗಿ ಬತ್ತಿದವು. ಹತ್ತಿರದ ಕಲ್ಲಿದ್ದಲು ಗಣಿಯೇ ಕಾರಣವಿರಬೇಕು ಎಂದು ಊರಿನವರು ದನಿ ಎತ್ತಿದರು. ಸರ್ಕಾರ ವಿಜ್ಞಾನಿಗಳಿಂದ ಸಂಶೋಧನೆ ಮಾಡಿಸಿತು. ನೀರಿನ ಮಟ್ಟವನ್ನು ಮುಖ್ಯವಾಗಿ ಏರಿಳಿಸುವುದು ಮಳೆ ಮತ್ತು ಆವಿಯಾಗುವಿಕೆ ಎಂದು ಅದು ತೋರಿಸಿತು. 2020ರಿಂದ ಒಳ್ಳೆ ಮಳೆ ಬಂದು ಕೆರೆಗಳು ಮತ್ತೆ ತುಂಬಿದವು.

ಬತ್ತಿದ ಕೆರೆಯ ದಡದಲ್ಲಿ ಪಂಪ್‌ಹೌಸ್ ನೋಡಲು ಬಂದವನಿಗೆ ಏನು ಕಾಣುತ್ತದೆ? ಹುಲ್ಲುಗಾವಲಿನ ಅಂಚಿನಲ್ಲೊಂದು ಅನಾಥ ಕಟ್ಟಡ. ಗೋಡೆಗೆ ಎಷ್ಟು ಖರ್ಚು ಮಾಡಿದರೂ ಆ ನಷ್ಟ ತುಂಬುವುದಿಲ್ಲ. ಹಣ ಕಡಿಮೆ ಇದ್ದರೆ ನೀರಿಗೇ ಮೊದಲು ಹಾಕಬೇಕು, ಗೋಡೆಗೆ ಆಮೇಲೆ. ಇದು ನನ್ನ ಅಭಿಪ್ರಾಯ, ಕಟ್ಟಡ ಪ್ರಿಯರು ಒಪ್ಪಲಿಕ್ಕಿಲ್ಲ.

ಇನ್ನು ಇಂಥ ಜಾಗಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು. ಹಳೆ ಇಟ್ಟಿಗೆ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಾದರೆ, ಸಂದು ತುಂಬುವುದೂ ಸುಣ್ಣದ ಗಾರೆಯಲ್ಲೇ. ಸಿಮೆಂಟ್ ಹಾಕಿದರೆ ಕೆಟ್ಟಿತು. ಸಿಮೆಂಟ್ ಗಟ್ಟಿ, ತೇವವನ್ನು ಹೊರಗೆ ಬಿಡುವುದಿಲ್ಲ. ತೇವವೆಲ್ಲ ಇಟ್ಟಿಗೆಯೊಳಗೇ ನಿಂತು, ಕೆಲವು ವರ್ಷಗಳಲ್ಲಿ ಸಂದು ಭದ್ರವಾಗಿರುತ್ತದೆ, ಇಟ್ಟಿಗೆಯ ಮುಖ ಮಾತ್ರ ಪುಡಿಪುಡಿಯಾಗಿ ಉದುರುತ್ತದೆ. ಹಳೆ ಬಾಯ್ಲರ್ ಮನೆಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್), ಸೀಸದ ಬಣ್ಣ ಇರುವ ಸಾಧ್ಯತೆ ಉಂಟು. ಅದನ್ನು ಪರೀಕ್ಷಿಸದೆ ಸ್ವಯಂಸೇವಕರನ್ನು ಒಳಗೆ ಬಿಡಬಾರದು. ಮಣ್ಣಿನ ಏರಿ ಇರುವ ಕೆರೆಯಾದರೆ ಏರಿಯ ಮೇಲೆ ಮರ ಬೆಳೆಯಲೂ ಬಿಡಬಾರದು. ಮರ ಸತ್ತು ಬೇರು ಕೊಳೆತರೆ ಅದೇ ದಾರಿಯಲ್ಲಿ ನೀರು ತೂರುತ್ತದೆ. ಕಾಡು ಉಳಿಸಲು ಹೊರಟವರಿಗೂ ಕತ್ತರಿ ಹಿಡಿಯಬೇಕಾದ ಜಾಗ ಅದೊಂದು.

ಕಾಡಿನ ಕೆಲಸಕ್ಕೆ ಸಿಡ್ನಿಯ ಸೋದರಿಯರಾದ ಜೋನ್ ಮತ್ತು ಐಲೀನ್ ಬ್ರಾಡ್ಲಿ 1960ರ ದಶಕದಿಂದ ರೂಢಿಗೆ ತಂದ ಪದ್ಧತಿ ಹೆಸರಾಗಿದೆ. ನಾವಾದರೆ ಕಳೆ ದಟ್ಟವಾಗಿರುವ ಕಡೆಯಿಂದ ಶುರು ಮಾಡುತ್ತೇವೆ. ಅವರದು ಉಲ್ಟಾ. ಕಾಡು ಚೆನ್ನಾಗಿರುವ ಕಡೆ ನಿಂತು, ಅಲ್ಲಿ ಹೊಕ್ಕಿರುವ ನಾಲ್ಕಾರು ಕಳೆಗಳನ್ನು ಮೊದಲು ತೆಗೆಯಬೇಕು. ಕಿತ್ತ ಜಾಗದ ಮಣ್ಣು ಒತ್ತಿ, ತರಗೆಲೆಯನ್ನು ಮತ್ತೆ ಮುಚ್ಚಬೇಕು. ಬರೀ ಮಣ್ಣು ಬಿಸಿಲಿಗೆ ಬಿದ್ದರೆ ಮೊಳೆಯುವುದು ಮತ್ತೆ ಕಳೆಯೇ. ನಾಡಗಿಡಗಳು ಖಾಲಿ ಜಾಗ ತುಂಬಿಕೊಂಡ ಮೇಲಷ್ಟೇ ಮುಂದಿನ ಹೆಜ್ಜೆ. ಜೆಸಿಬಿ ತರಿಸಿ ಒಂದೇ ದಿನದಲ್ಲಿ ಲಂಟಾನ ಬಳಿದುಹಾಕುವವರಿಗೆ ಇದು ರೇಜಿಗೆ ಅನ್ನಿಸಬಹುದು. ಹೌದು, ಲಂಟಾನ ಅಲ್ಲೂ ಕಾಟವೇ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ನಾವು ನೋಡುವ ಅದೇ ಗಿಡ.

ನಿಂತ ನೀರಿಗೆ ಬರುವ ಸಾಲ್ವೀನಿಯಾ ಕಳೆಯ ವಿಷಯದಲ್ಲಂತೂ ನಮಗೂ ಅವರಿಗೂ ನೇರ ನಂಟಿದೆ. 1980ರಲ್ಲಿ ಕ್ವೀನ್ಸ್‌ಲ್ಯಾಂಡ್‌ನ ಮೂನ್‌ಡಾರಾ ಜಲಾಶಯಕ್ಕೆ ಅಕ್ಕಿಹುಳುವಿನಂಥ ಒಂದು ಪುಟ್ಟ ಮೂತಿಹುಳುವನ್ನು ಬಿಟ್ಟರು. ಅದು ಸಾಲ್ವೀನಿಯಾವನ್ನು ತಿಂದು ತೇಗಿತು. ಅದೇ ಹುಳು ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂತು. ಇಲ್ಲಿ ತಾವರೆ ಕೊಳವೊಂದರಲ್ಲಿ ಗೆದ್ದ ಮೇಲೆ ಕೇರಳದ ಹಿನ್ನೀರಿಗೆ ಹೋಯಿತು.

ಎಲ್ಲಕ್ಕಿಂತ ಕಷ್ಟದ್ದು ಬೆಂಕಿ. ಅಲ್ಲಿನ ಕಾಡಿಗೆ ಆಗೀಗ ಬೆಂಕಿ ಬೇಕು. ಬ್ಯಾಂಕ್ಸಿಯಾ ಎಂಬ ಅಲ್ಲಿನ ಗಿಡದ ಕೆಲವು ಜಾತಿಗಳ ಕಾಯಿ ಬಾಯಿ ಬಿಡುವುದೇ ಉರಿ ತಗುಲಿದ ಮೇಲೆ. ನೀಲಗಿರಿ ಮರಗಳು ಸುಟ್ಟ ಕಾಂಡದಿಂದ, ಬುಡದ ಗಂಟಿನಿಂದ ಮತ್ತೆ ಚಿಗುರುತ್ತವೆ. ಮರದ ತೊಲೆ, ಹಳೆ ಟ್ಯಾಂಕಿನ ಅಟ್ಟಣಿಗೆ ಹಾಗೆ ಚಿಗುರುತ್ತವೆಯೇ? 2019ರ ಡಿಸೆಂಬರ್‌ನಲ್ಲಿ ಗ್ರೀನ್ ವಾಟಲ್ ಕ್ರೀಕ್ ಕಾಡ್ಗಿಚ್ಚು ಈ ಸೀಮೆಗೇ ನುಗ್ಗಿತ್ತು. ಹಾಗಾಗಿ ಕಟ್ಟಡದ ಸುತ್ತ ತರಗೆಲೆ, ಒಣಕಡ್ಡಿ ತೆಗೆದು ಸ್ವಲ್ಪ ಜಾಗ ಬಯಲಿಡುತ್ತಾರೆ. ಆಚೆಗಿನ ಕಾಡನ್ನು ತಂಪು ದಿನಗಳಲ್ಲಿ ತುಂಡುತುಂಡಾಗಿ, ಹದವಾಗಿ ಸುಡುತ್ತಾರೆ. ಆ ಬಯಲು ಎಷ್ಟು ಅಗಲ ಇರಬೇಕು ಅನ್ನುವುದರಲ್ಲಿ ಪರಂಪರೆಯವರಿಗೂ ಸಸ್ಯತಜ್ಞರಿಗೂ ಜಗಳ ಬರುವುದು ಸಹಜ.

ನಮ್ಮಲ್ಲೂ ಇದನ್ನು ಮಾಡಬಹುದಾ ಅಂತ ನೀವು ಮುಂದೆ ಕೇಳಬಹುದು. ಮಾಡಬಹುದು. ಹಳೆ ಸ್ಟೇಷನ್ನಿನ ನೀರಿನ ಟ್ಯಾಂಕ್ ಹತ್ತಿರ ನಿಂತು ಫೋಟೋ ತೆಗೆಯುವುದರಿಂದ ಶುರು ಮಾಡಬೇಡಿ. ಆ ಟ್ಯಾಂಕಿಗೆ ನೀರು ಎಲ್ಲಿಂದ ಬರುತ್ತಿತ್ತು ಅಂತ ನಿವೃತ್ತ ರೈಲ್ವೆ ನೌಕರರನ್ನು ಕೇಳಿ. ಪೈಪಿನ ಜಾಡು ಹಿಡಿದು ಬಾವಿಗೋ ಕೆರೆಗೋ ಹೋಗಿ. ಅಲ್ಲಿಗೆ ಮಳೆನೀರು ಇಳಿದು ಬರುವ ನೆಲ ಯಾರದು, ರೈಲ್ವೆಯದೋ, ಅರಣ್ಯ ಇಲಾಖೆಯದೋ, ಪಂಚಾಯ್ತಿಯದೋ ಅಂತ ನಕ್ಷೆ, ಪಹಣಿ ತೆಗೆಸಿ ನೋಡಿ. ಅರ್ಜಿ ಬರೆಯುವುದು ಅದಾದ ಮೇಲೆ.