ಹಾಲೆ ಕೆತ್ತೆಯ ಕಷಾಯಕ್ಕೆ ಲ್ಯಾಬ್ ಏನು ಹೇಳುತ್ತದೆ?

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಬಂತೆಂದರೆ ಮಂಗಳೂರು, ಉಡುಪಿ ಕಡೆ ಬೆಳಕು ಹರಿಯುವ ಮುಂಚೆಯೇ ಹಾಲೆ ಮರದ ಕೆತ್ತೆ (ತೊಗಟೆ) ಮನೆಗೆ ಬರುತ್ತದೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ರಸಕ್ಕೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ, ಕೆಂಪಗೆ ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ ಕೊಟ್ಟು ಮದ್ದೆಂದು ಕುಡಿಯುತ್ತಾರೆ. ವಿಪರೀತ ಕಹಿ. ಆಮೇಲೆ ಮೆಂತೆ ಗಂಜಿ ಸಿಗುತ್ತದೆ ಅನ್ನುವುದೊಂದೇ ಸಮಾಧಾನ.

ಈ ಮರ ಅಚ್ಚಿನ ಪುಸ್ತಕ ಸೇರಿದ್ದು 1678ರಲ್ಲಿ, ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿದ್ದು ಮಾಡಿಸಿದ ಮಲಬಾರಿನ ಗಿಡಮರಗಳ ಗ್ರಂಥ 'ಹಾರ್ಟಸ್ ಮಲಬಾರಿಕಸ್' ಮೊದಲ ಸಂಪುಟದಲ್ಲಿ. ಮಾಹಿತಿ ಕೊಟ್ಟವರಲ್ಲಿ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರೂ ಇದ್ದರು. ಅವರು ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರವೂ ಅದರಲ್ಲಿದೆ. ಆಗೆಲ್ಲ ಮದ್ದಿನ ಪರೀಕ್ಷೆ ಅಂದರೆ ಜ್ವರ ಇಳಿಯಿತಾ, ಭೇದಿ ನಿಂತಿತಾ, ಅಷ್ಟೇ.

1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಕಂಡ ಮೇಲೆ ಪ್ರಶ್ನೆಯೇ ಬೇರೆಯಾಯಿತು: ಇದು ಬ್ಯಾಕ್ಟೀರಿಯಾ ಕೊಲ್ಲುತ್ತದಾ? ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತುಂಬಿದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಗಿಡದ ಸಾರ ಹೀರಿಸಿದ ಕಾಗದದ ಬಿಲ್ಲೆ ಇಟ್ಟು, 37 ಡಿಗ್ರಿಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ಬಿಲ್ಲೆಯ ಸುತ್ತ ಖಾಲಿ ಬಿಟ್ಟ ವೃತ್ತ ಕಂಡರೆ ಸ್ಕೇಲ್ ಹಿಡಿದು ಮಿಲಿಮೀಟರ್ ಲೆಕ್ಕ. ಖರ್ಚು ಕಡಿಮೆ, ರಿಸಲ್ಟ್ ಬೇಗ. ಕಾಲೇಜು ಪ್ರಾಜೆಕ್ಟುಗಳಿಗೆ ಇದು ಇಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ವೃತ್ತವನ್ನು ಸುಮ್ನೆ ನಂಬುವಂತಿಲ್ಲ. ಅಗರ್‌ನಲ್ಲಿ ಸಲೀಸಾಗಿ ಹರಡದ ಅಂಶ ಒಳ್ಳೆಯದಿದ್ದರೂ ವೃತ್ತ ಚಿಕ್ಕದಾಗುತ್ತದೆ. ಇನ್ನೊಂದು, ಲ್ಯಾಬಿನಲ್ಲಿ ಸಾರ ತೆಗೆಯುವುದು ಹೆಚ್ಚಾಗಿ ಮೆಥನಾಲ್, ಎಥನಾಲ್‌ನಲ್ಲಿ. ನಾವು ಕುಡಿಯುವುದು ನೀರಿನ ಕಷಾಯ. ಎರಡರಲ್ಲೂ ಇಳಿಯುವುದು ಒಂದೇ ಅಲ್ವಲ್ಲ. ಚೀನಾದ ತು ಯುಯು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಹುಡುಕುವಾಗ ಕುದಿಸಿದರೆ ಗುಣ ಕೆಡಬಹುದೆಂದು ಕಡಿಮೆ ಬಿಸಿಯಲ್ಲಿ ಈಥರ್ ಬಳಸಿದರು. ಕೆಲಸ ಆಯಿತು. 2015ರಲ್ಲಿ ನೊಬೆಲ್ ಬಂತು.

ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಕ್ಕೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನು ತಡೆಯುವ ಅಂಶದ ಕಥೆ ಇನ್ನೂ ಸಡಿಲ. 1958ರಿಂದ ಬಳಕೆಯಲ್ಲಿರುವ ಡಿಪಿಪಿಎಚ್ ಎಂಬ ರಾಸಾಯನಿಕದ ಪರೀಕ್ಷೆಯಲ್ಲಿ ಸಾರ ಬೆರೆಸಿದಾಗ ನೇರಳೆ ದ್ರಾವಣ ಹಳದಿಯಾದರೆ ಪಾಸ್. ಪುನರ್ಪುಳಿ (ಕೋಕಂ) ಪಾಸಾಗುತ್ತದೆ, ಚಹಾ ಕೂಡ. ಟ್ಯೂಬಿನಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ಮೈಯಲ್ಲಿ ಹಾಗೇ ಆಗಬೇಕೆಂದಿಲ್ಲ. 1994ರ ಫಿನ್‌ಲ್ಯಾಂಡ್ ಅಧ್ಯಯನದಲ್ಲಿ ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿಯಾಗಿತ್ತು.

ಅಮಾವಾಸ್ಯೆಯ ಕತ್ತಲಲ್ಲಿ ಇದಕ್ಕಿಂತ ದೊಡ್ಡ ಅಪಾಯ ಮರ ತಪ್ಪುವುದು. ಕಾಸರಕ ಎಂಬ ಇನ್ನೊಂದು ಮರದ ಕೆತ್ತೆಯಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ, ಜೀವಕ್ಕೇ ಸಂಚಕಾರ. ಹಾಲೆಯ ಎಲೆಗಳು ಒಂದೇ ಗಂಟಿನ ಸುತ್ತ ಏಳರ ಆಸುಪಾಸು ಇರುತ್ತವೆ, ಕಾಸರಕದ್ದು ಎದುರುಬದುರು ಜೋಡಿ. ಗೊತ್ತಿದ್ದವರನ್ನು ಕರೆದುಕೊಂಡು ಹೋಗಿ ಹಿಂದಿನ ದಿನ ಹಗಲಲ್ಲೇ ಮರ ಗುರುತು ಮಾಡಿಟ್ಟುಕೊಳ್ಳಿ.